ಬೆವರಿನ ಲೆಕ್ಕ

'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಇಪ್ಪತ್ತೆಂಟು ವರ್ಷಗಳಿಂದ ಪ್ರಶ್ನೆಪತ್ರಿಕೆಯಲ್ಲಿ ಕೇಳುತ್ತ ಬಂದಿದ್ದೇನೆ. ಮಕ್ಕಳೂ ಅಷ್ಟೇ ನಿಷ್ಠೆಯಿಂದ ಒಂದೇ ಉತ್ತರ ಬರೆಯುತ್ತ ಬಂದಿದ್ದಾರೆ. ರೈತ ಗದ್ದೆಯಲ್ಲಿ ದುಡಿಯುತ್ತಾನೆ, ಆದ್ದರಿಂದ ಹೊಟ್ಟೆ ತುಂಬ ಉಣ್ಣುತ್ತಾನೆ. ವಿದ್ಯಾರ್ಥಿ ಕಷ್ಟಪಟ್ಟು ಓದುತ್ತಾನೆ, ಆದ್ದರಿಂದ ಪಾಸಾಗುತ್ತಾನೆ. ಮೂರಕ್ಕೆ ಎರಡೂವರೆ ಅಂಕ ಹಾಕಿ ಮುಂದಿನ ಹಾಳೆಗೆ ಹೋಗುವುದು ನನಗೂ ರೂಢಿ. ಒಂದು ಸಲ ಮಾತ್ರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, 'ನಮ್ಮ ಮನೆಯಲ್ಲಿ ಕೈ ಕೆಸರಾಗುವುದು ಅಮ್ಮನದು, ಬಾಯಿ ಮೊಸರಾಗುವುದು ಅಣ್ಣನದು' ಎಂದು ಎರಡೇ ಸಾಲು ಬರೆದಿದ್ದಳು. ವಿಸ್ತರಣೆ ಸಾಲದು ನಿಜ. ಆದರೂ ಪೂರ್ತಿ ಅಂಕ ಕೊಟ್ಟೆ.

ಈ ಗಾದೆಗೆ ಇನ್ನೊಂದು ಮಗ್ಗುಲಿದೆ. ಕೈ ಕೆಸರಾಗದಿದ್ದರೆ ಮೊಸರು ಕೇಳುವ ಹಕ್ಕೇ ಇಲ್ಲ ಎಂಬುದು. ಅದನ್ನು ಯಾರೂ ಪರೀಕ್ಷೆಯಲ್ಲಿ ಕೇಳುವುದಿಲ್ಲ, ಆದರೆ ನಮ್ಮ ಹೆಂಗಸರ ಮನಸ್ಸಿಗೆ ಅದೇ ಹೆಚ್ಚು ಆಳವಾಗಿ ಇಳಿದಿದೆ. ಮಧ್ಯಾಹ್ನ ಅರ್ಧ ಗಂಟೆ ಪತ್ರಿಕೆ ಹಿಡಿದು ಕೂತಿದ್ದಾಗ ಪಕ್ಕದ ಮನೆಯವರು ಬಂದರೆ, ಅವರು ಕೇಳದಿದ್ದರೂ, "ಈಗ ತಾನೇ ಪಾತ್ರೆಯೆಲ್ಲ ಮುಗಿಸಿ ಕೂತೆ ನೋಡಿ" ಎನ್ನುತ್ತೇವೆ. ಸುಖಕ್ಕೆ ರಸೀದಿ ತೋರಿಸುವ ಅಭ್ಯಾಸ. ನಮ್ಮ ಮನೆಗೆ ಮೊದಲ ಸಲ ಮಿಕ್ಸಿ ಬಂದಾಗ ನಮ್ಮ ಅತ್ತೆಯವರು ಒಂದು ವಾರ ಚಟ್ನಿ ಮುಟ್ಟಲಿಲ್ಲ. ಒರಳಿನಲ್ಲಿ ರುಬ್ಬಿದ ರುಚಿ ಬರುವುದಿಲ್ಲ ಎಂಬುದು ಅವರ ಆಕ್ಷೇಪ. ರುಚಿಯ ಮಾತೇನೋ ನಿಜವೇ. ಆದರೆ ಅವರ ಬೇಸರ ಬರೀ ರುಚಿಯದಾಗಿರಲಿಲ್ಲ. ತಾವು ನಲವತ್ತು ವರ್ಷ ರಟ್ಟೆ ನೋಯಿಸಿಕೊಂಡು ಪಡೆದದ್ದನ್ನು ಸೊಸೆ ಗುಂಡಿ ಒತ್ತಿ ಪಡೆಯುತ್ತಿದ್ದಾಳಲ್ಲ ಎಂಬ ಬೇಸರ ಅದು. ಹಾಗನ್ನಿಸುವುದು ಸಹಜ ಎಂದು ನನಗೆ ಆಗಲೂ ತಿಳಿದಿತ್ತು.

ಕಷ್ಟಪಡದೆ ಸಿಕ್ಕ ಸಂತೋಷಕ್ಕೆ ನಾವು ಅರ್ಹರೇ? ಈ ಪ್ರಶ್ನೆ ನನ್ನನ್ನು ನಿಲ್ಲಿಸಿ ಕೇಳಿದ್ದು ಅಡಿಗೆಮನೆಯಲ್ಲಲ್ಲ. ಆಲ್ಪ್ಸ್ ಪರ್ವತದಲ್ಲಿ, ಒಂದು ಬ್ಯಾಟರಿ ಸೈಕಲ್ಲಿನ ದೆಸೆಯಿಂದ ಎಂದರೆ ನೀವು ನಗಬಹುದು.

ನನ್ನ ಮಗಳು ಅಳಿಯ ಇರುವುದು ಜರ್ಮನಿಯ ಮ್ಯೂನಿಕ್ಕಿನಲ್ಲಿ. 2023ರ ದಸರಾ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಆ ಊರಿನ ಜನಕ್ಕೆ ರಜಾದಿನ ಬಿಸಿಲು ಬಿದ್ದರೆ ಮನೆಯೊಳಗೆ ಕೂರುವುದು ಒಂದು ಅಪರಾಧ. ನನ್ನ ಮಗಳಿಗೂ ಆ ಗಾಳಿ ಸೋಕಿದೆ. "ಅಮ್ಮ, ಒಂದು ದಿನ ಸೈಕಲ್ಲಿನಲ್ಲಿ ಬೆಟ್ಟದ ಮೇಲಿನ ಹ್ಯುಟ್ಟೆಗೆ ಹೋಗಿ, ಅಲ್ಲೇ ಊಟ ಮಾಡಿ, ಸಂಜೆಗೆ ವಾಪಸು ಬರೋಣ" ಎಂದಳು. ಕೆಲಸಕ್ಕೆ ಸೇರಿದ ಮೊದಲ ಹತ್ತು ವರ್ಷ ಲೇಡೀಸ್ ಸೈಕಲ್ಲಿನಲ್ಲೇ ಶಾಲೆಗೆ ಹೋಗಿಬಂದವಳು ನಾನು. ಸೈಕಲ್ಲಿನ ಭಯವಿಲ್ಲ. ಭಯವಿದ್ದದ್ದು ಮಂಡಿಯದು. ವರ್ಷಗಟ್ಟಲೆ ಕರಿಹಲಗೆಯ ಮುಂದೆ ನಿಂತ ಮಂಡಿಗಳು ಹೇಗಿರುತ್ತವೆಂದು ನಮ್ಮ ವೃತ್ತಿಯವರಿಗೆ ಹೇಳಬೇಕಾಗಿಲ್ಲ. "ನಿನಗೆ ಬ್ಯಾಟರಿಯದ್ದು ಬಾಡಿಗೆಗೆ ತೆಗೆದುಕೊಳ್ಳೋಣ" ಎಂದಳು. ಎರಡು ಸಂಜೆ ಮನೆಯ ಹತ್ತಿರದ ಪಾರ್ಕಿನಲ್ಲಿ ಗೇರು ಬದಲಿಸುವುದು, ಬ್ರೇಕು ಹಿಡಿಯುವುದು ಹೇಳಿಕೊಟ್ಟಳು. ನಾನು ಅವಳಿಗೆ ಸೈಕಲ್ ಕಲಿಸುವಾಗ ಗದರಿಸಿದಷ್ಟು ಅವಳು ನನ್ನನ್ನು ಗದರಿಸಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಹ್ಯುಟ್ಟೆ ಎಂದರೆ ಶಬ್ದಾರ್ಥದಲ್ಲಿ ಗುಡಿಸಲು. ಆದರೆ ನಮ್ಮ ಮಾತಿನಲ್ಲಿ ಅದಕ್ಕೆ ಸರಿಯಾದ ಹೆಸರು ಛತ್ರ. ಯಾತ್ರಿಕರಿಗೆಂದು ನಮ್ಮ ಹಿರಿಯರು ದಾರಿಯಲ್ಲಿ ಛತ್ರ, ಅರವಟಿಗೆ ಕಟ್ಟಿಸುತ್ತಿದ್ದರಲ್ಲ, ಹಾಗೆ ಬೆಟ್ಟ ಹತ್ತುವವರಿಗೆಂದು ಅಲ್ಲಿಯ ಪರ್ವತ ಸಂಘಗಳು ಕಟ್ಟಿದ ತಂಗುಮನೆ. ಆಸ್ಟ್ರಿಯಾದ ಸಂಘ ಹುಟ್ಟಿದ್ದು 1862ರಲ್ಲಿ, ಸ್ವಿಸ್ ಸಂಘ 1863ರಲ್ಲಿ, ಜರ್ಮನಿಯದು 1869ರಲ್ಲಿ. ಜರ್ಮನ್ ಸಂಘವೊಂದರದೇ ಇಂಥ ಮುನ್ನೂರಕ್ಕೂ ಹೆಚ್ಚು ಮನೆಗಳು ಇವೆ. ಬೂಟುಗಳನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು (ನನಗೆ ಇದು ಬಹಳ ಹಿಡಿಸಿತು). ರಾತ್ರಿ ತಂಗುವವರು ಹತ್ತು ಗಂಟೆಗೆ ಸದ್ದಡಗಿಸಿ ಮಲಗಬೇಕು. ತಂದ ಕಸವನ್ನು ತಾವೇ ಕೆಳಗೆ ಹೊತ್ತೊಯ್ಯಬೇಕು. ಮಳೆಯೋ ಹಿಮವೋ ಸುರಿದು ದಾರಿ ಕೆಟ್ಟಾಗ, ಹಾಸಿಗೆ ಖಾಲಿಯಿಲ್ಲದಿದ್ದರೂ ಊಟದ ಕೋಣೆಯಲ್ಲಾದರೂ ಮಲಗಲು ಜಾಗ ಮಾಡಿಕೊಡುತ್ತಾರೆ. ನೀನು ಹೇಗೆ ಬಂದೆ, ನಿನ್ನ ಯೋಗ್ಯತೆಯೇನು ಎಂದು ಆಗ ಯಾರೂ ವಿಚಾರಿಸುವುದಿಲ್ಲ. ಈ ಮಾತು ಸ್ವಲ್ಪ ನೆನಪಿನಲ್ಲಿರಲಿ.

ನಾವು ಹೊರಟದ್ದು ಕಾರ್ವೆಂಡೆಲ್ ಹೌಸ್ ಎಂಬ ಛತ್ರಕ್ಕೆ. ಅದಿರುವುದು ಆಸ್ಟ್ರಿಯಾದ ಟಿರೋಲ್ ಪ್ರಾಂತದಲ್ಲಿ, ಸುಮಾರು 1,770 ಮೀಟರ್ ಎತ್ತರದಲ್ಲಿ. ಆದರೆ ಒಡೆತನ ಮ್ಯೂನಿಕ್ಕಿನ ಪರ್ವತ ಸಂಘದ ಒಂದು ಶಾಖೆಯದು. ಬೆಳಗಿನ ರೈಲು ಹಿಡಿದು, ಗಡಿ ದಾಟಿ, ಸುಮಾರು ಎರಡು ಗಂಟೆಯಲ್ಲಿ ಶಾರ್ನಿಟ್ಸ್ ಎಂಬ ಪುಟ್ಟ ಊರಿನಲ್ಲಿ ಇಳಿದೆವು. ಊರು 964 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕಣಿವೆಯೊಳಗೆ ಹದಿನೆಂಟು ಕಿಲೋಮೀಟರ್ ಜಲ್ಲಿಕಲ್ಲಿನ ಕಾಡುರಸ್ತೆ, ಎಂಟುನೂರು ಮೀಟರ್ ಏರು. ಊರು ಬಿಟ್ಟ ಕೂಡಲೇ ಒಂದು ಕೆಟ್ಟ ಏರು, ಆಮೇಲೆ ತೊರೆಯ ಜೊತೆಯಲ್ಲೇ ಹಿತವಾಗಿ ಸಾಗುವ ದಾರಿ, ಕೊನೆಯಲ್ಲಿ ಮತ್ತೆ ಕಡಿದಾದ ತಿರುವುಗಳು. ಎರಡೂ ಕಡೆ ಸುಣ್ಣಕಲ್ಲಿನ ಬಿಳಿ ಬೆಟ್ಟಗಳು. ಅವುಗಳಲ್ಲಿ ಎತ್ತರದ್ದು 2,749 ಮೀಟರಿನ ಬಿರ್ಕ್‌ಕಾರ್‌ಸ್ಪಿಟ್ಸೆ. ಬೇಸಿಗೆಯಲ್ಲಿ ದನ ಮೇಯಿಸುವ ಹುಲ್ಲುಗಾವಲುಗಳನ್ನು ಅಲ್ಲಿ ಆಲ್ಮ್ ಎನ್ನುತ್ತಾರೆ. ದನಗಳು ಸೆಪ್ಟೆಂಬರಿನಲ್ಲೇ ಕೆಳಗಿನ ಕೊಟ್ಟಿಗೆಗಳಿಗೆ ಇಳಿದುಹೋಗಿದ್ದವು. ಅಕ್ಟೋಬರಿನ ಬಿಸಿಲು ಎಷ್ಟು ಬೆಚ್ಚಗಿತ್ತೆಂದರೆ ಸ್ವೆಟರು ಬಿಚ್ಚಿ ಚೀಲಕ್ಕೆ ತುರುಕಿದೆ.

ಬ್ಯಾಟರಿ ಸೈಕಲ್ ಎಂದರೆ ಸ್ಕೂಟರ್ ಅಂತ ತಿಳಿಯಬೇಡಿ. ಯುರೋಪಿನ ನಿಯಮದಂತೆ ಅದರ ಮೋಟಾರು 250 ವಾಟಿನದು, ಮಿಕ್ಸಿಯದರ ಅರ್ಧದಷ್ಟು ಶಕ್ತಿ. ನೀವು ಪೆಡಲು ತುಳಿದರೆ ಮಾತ್ರ ಅದು ಜೊತೆಗೂಡುತ್ತದೆ, ಬಿಟ್ಟರೆ ಅದೂ ಬಿಡುತ್ತದೆ. ಗಂಟೆಗೆ 25 ಕಿಲೋಮೀಟರ್ ದಾಟಿದರೆ ತನ್ನ ಪಾಡಿಗೆ ಸುಮ್ಮನಾಗುತ್ತದೆ. ಮಗುವಿಗೆ ಸೈಕಲ್ ಕಲಿಸುವಾಗ ಹಿಂದಿನಿಂದ ಸೀಟು ಹಿಡಿದು ತಳ್ಳುತ್ತೇವಲ್ಲ, ಹಾಗೆ ಯಾರೋ ಬೆನ್ನಿಗೆ ಕೈಕೊಟ್ಟ ಹಾಗಿರುತ್ತದೆ. ಜರ್ಮನಿಯಲ್ಲಿ 2023ರಲ್ಲಿ ಮಾರಾಟವಾದ ಹೊಸ ಸೈಕಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥವೇ ಆಗಿದ್ದವಂತೆ. ನನ್ನ ಮಗಳದು ಮಾತ್ರ ಸಾದಾ ಮೌಂಟನ್ ಬೈಕು. ಹೀಗಾಗಿ ಮಂಡಿನೋವಿನ ತಾಯಿ ಮುಂದೆ, ಮೂವತ್ತರ ಮಗಳು ಏದುಸಿರು ಬಿಡುತ್ತ ಹಿಂದೆ. ಪ್ರತಿ ತಿರುವಿನಲ್ಲೂ ನಾನು ನಿಂತು ಅವಳಿಗಾಗಿ ಕಾದೆ. ಹಾಗೆ ಕಾಯುವ ಅವಕಾಶ ಬಹಳ ವರ್ಷಗಳಿಂದ ನನಗೆ ಸಿಕ್ಕಿರಲಿಲ್ಲ.

ಛತ್ರ ಬಂಡೆಗೋಡೆಗೆ ಅಂಟಿಕೊಂಡಂತೆ ಕೂತಿದೆ. ಅಂಗಳದ ಬೆಂಚಿನಲ್ಲಿ ಬಿಸಿಲಿಗೆ ಮುಖ ಮಾಡಿ ಕೂತು ಕೈಸರ್‌ಶ್ಮಾರ್ನ್ ತರಿಸಿದೆವು. ದಪ್ಪ ಸಿಹಿ ದೋಸೆಯನ್ನು ಹರಿದು ತುಪ್ಪದ ಬದಲು ಬೆಣ್ಣೆಯಲ್ಲಿ ಹುರಿದು ಸಕ್ಕರೆ ಉದುರಿಸಿದರೆ ಹೇಗಿರುತ್ತದೋ ಹಾಗೆ. ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಬೇಕು. ಅದೇ ಮೇಜಿನ ಆ ತುದಿಯಲ್ಲಿ ಇಬ್ಬರು ಕೂತಿದ್ದರು, ನನ್ನದೇ ವಯಸ್ಸಿನವರು. ಒಬ್ಬರ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅವರು ನನ್ನ ಸೈಕಲ್ಲನ್ನು ನೋಡಿ, ನಕ್ಕು, ಜೊತೆಗಾರನಿಗೆ ಏನೋ ಹೇಳಿದರು. ಮಗಳ ಮುಖ ಕೆಂಪಾಯಿತು. ಏನಂದರು ಎಂದು ಕೇಳಿದರೆ ಹೇಳಲು ಒಪ್ಪಲಿಲ್ಲ, ಬಿಡದೆ ಕೇಳಿದ ಮೇಲೆ ಹೇಳಿದಳು: "ಇನ್ನು ಇಲ್ಲಿಗೆ ಯಾರು ಬೇಕಾದರೂ ಬರಬಹುದು."

ನನಗೆ ಸಿಟ್ಟು ಬರಲಿಲ್ಲ. ಆ ದನಿ ಪರಿಚಯದ್ದು. ಒರಳುಕಲ್ಲಿನ ಪಕ್ಕದಿಂದ ಅದನ್ನು ಕೇಳಿದ್ದೇನೆ.

ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. 'ಯಾರು ಬೇಕಾದರೂ' ಎಂದರೆ ಯಾರು? ಬೆಟ್ಟದ ಮೇಲಿನ ಬಿಸಿಲು ಬೆವರು ಸುರಿಸಿದವರಿಗೆ ಮಾತ್ರ ಮೀಸಲೇ? ಮೀಸಲು ಎಂದೇ ಇಟ್ಟುಕೊಳ್ಳೋಣ. ಬೆವರಿನ ಲೆಕ್ಕ ಎಲ್ಲಿಂದ ಶುರು? ಬಂದವರಲ್ಲಿ ಬಹಳ ಮಂದಿ ನಮ್ಮ ಹಾಗೆ ಮ್ಯೂನಿಕ್ಕಿನಿಂದ ರೈಲಿನಲ್ಲಿ ಬಂದವರು. ಮ್ಯೂನಿಕ್ ಇರುವುದು 520 ಮೀಟರ್ ಎತ್ತರದಲ್ಲಿ, ಶಾರ್ನಿಟ್ಸ್ 964ರಲ್ಲಿ. ಮಿಟ್ಟೆನ್‌ವಾಲ್ಡ್ ಮೂಲಕ ಇನ್ಸ್‌ಬ್ರುಕ್ಕಿಗೆ ಹೋಗುವ ಆ ಬೆಟ್ಟದ ಮಾರ್ಗ 1912ರಲ್ಲಿ ತೆರೆದದ್ದು, ಅದನ್ನು ಕಟ್ಟಿದ್ದೇ ವಿದ್ಯುತ್ ರೈಲುಮಾರ್ಗವಾಗಿ. ಅಂದರೆ ನಾನೂರಕ್ಕೂ ಹೆಚ್ಚು ಮೀಟರನ್ನು ಎಲ್ಲರನ್ನೂ ವಿದ್ಯುತ್ ಮೋಟಾರೇ ಹೊತ್ತು ತಂದಿತ್ತು. ಮಿಕ್ಕ ಎಂಟುನೂರಕ್ಕೆ ಮಾತ್ರ ಶೀಲ ಬಂದುಬಿಟ್ಟಿತೇ? ಕಾಲುನಡಿಗೆಯವನು ಸೈಕಲ್ಲಿನ ಗೇರನ್ನು ನೋಡಿ ಮೂಗು ಮುರಿಯಬಹುದು. ಆ ಛತ್ರದ ಕಲ್ಲು, ತೊಲೆ, ಕಬ್ಬಿಣದ ಒಲೆಗಳನ್ನು ನೂರು ವರ್ಷಕ್ಕೂ ಹಿಂದೆ ಮೇಲೇರಿಸಿದ ಕೂಲಿಗಳು ಇಂದು ಬಂದರೆ ನಮ್ಮೆಲ್ಲರನ್ನೂ ನೋಡಿ ನಗಬಹುದು. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಹತ್ತಿ ಬರುವವರೂ ಇದ್ದಾರೆ, ಬಸ್ಸಿನಲ್ಲಿ ಬರುವವರೂ ಇದ್ದಾರೆ. ಗುಡಿಯ ಮುಂದೆ ಸಾಲು ಬೇರೆಯಾಗುವುದು ಟಿಕೆಟ್ಟಿನಿಂದ, ಬೆವರಿನಿಂದಲ್ಲ. (ಅದು ಸರಿಯೇ ಎಂಬುದು ಬೇರೆ ಪ್ರಶ್ನೆ.)

ಇನ್ನೂ ಒಂದು ಮಾತಿದೆ. ಬೆವರೇ ಅಳತೆಗೋಲಾಗಿದ್ದರೆ ಅದನ್ನಾದರೂ ನಿಜವಾಗಿ ಪಾಲಿಸಬೇಕಿತ್ತು. ಲೂಸಿ ವಾಕರ್ ಎಂಬ ಇಂಗ್ಲಿಷ್ ಹೆಣ್ಣುಮಗಳು 1871ರಲ್ಲಿ, ಉದ್ದನೆಯ ಲಂಗ ತೊಡುತ್ತಿದ್ದ ಕಾಲದಲ್ಲಿ, ಮ್ಯಾಟರ್‌ಹಾರ್ನ್ ಶಿಖರವನ್ನು ಹತ್ತಿದಳು. ಅದನ್ನು ಹತ್ತಿದ ಮೊದಲ ಹೆಂಗಸು. ಅವಳು ಸುರಿಸಿದ ಬೆವರು ಕಡಿಮೆಯೇ? ಆದರೆ ಲಂಡನ್ನಿನ ಆಲ್ಪೈನ್ ಕ್ಲಬ್ಬಿನಲ್ಲಿ ಹೆಂಗಸರಿಗೆ ಸದಸ್ಯತ್ವವಿರಲಿಲ್ಲ. 1907ರಲ್ಲಿ ಅಲ್ಲಿಯ ಹೆಂಗಸರು ತಮ್ಮದೇ ಕ್ಲಬ್ಬು ಕಟ್ಟಿಕೊಂಡರು, ಲೂಸಿ ವಾಕರ್ ಮುಂದೆ ಅದರ ಅಧ್ಯಕ್ಷೆಯಾದಳು. ಅದೇ 1907ರಲ್ಲಿ ಸ್ವಿಸ್ ಸಂಘ ಹೆಂಗಸರನ್ನು ಹೊರಗಿಟ್ಟಿತು. ಅವರು 1918ರಲ್ಲಿ ಬೇರೆ ಸಂಘ ಮಾಡಿಕೊಂಡರು. ಎರಡೂ ಒಂದಾಗಲು 1980 ಬರಬೇಕಾಯಿತು. ಜರ್ಮನ್ ಮತ್ತು ಆಸ್ಟ್ರಿಯನ್ನರ ಕೂಡುಸಂಘದ ಕಥೆ ಇನ್ನೂ ಕಹಿಯಾದದ್ದು. ಯಹೂದಿ ಸದಸ್ಯರೇ ಹೆಚ್ಚಾಗಿದ್ದ ವಿಯೆನ್ನಾದ ಡೋನೌಲಾಂಡ್ ಶಾಖೆಯನ್ನು 1924ರ ಡಿಸೆಂಬರಿನಲ್ಲಿ ಸಂಘದಿಂದ ಹೊರಹಾಕಲಾಯಿತು. ಎಷ್ಟೋ ಛತ್ರಗಳ ಬಾಗಿಲು ಅವರಿಗೆ ಮುಚ್ಚಿತು. ಹಾಗೆ ಹೊರಬಿದ್ದ ಯಹೂದಿ ಪರ್ವತಪ್ರೇಮಿಗಳು ಟಿರೋಲಿನ ಝಿಲ್ಲರ್‌ಟಾಲ್ ಬೆಟ್ಟಗಳಲ್ಲಿ, ಸುಮಾರು 2,500 ಮೀಟರ್ ಎತ್ತರದಲ್ಲಿ, 1930ರ ಹೊತ್ತಿಗೆ ತಮ್ಮದೇ ಒಂದು ಛತ್ರ ಕಟ್ಟಿಸಿದರು. ಫ್ರೀಸೆನ್‌ಬರ್ಗ್ ಹೌಸ್ ಎಂಬ ಆ ಮನೆ ಇಂದಿಗೂ ಇದೆ, ಆ ಅನ್ಯಾಯದ ನೆನಪಿನ ಸ್ಥಳವಾಗಿ.

ಆ ಬೆವರಿದ ಅಂಗಿಯವರಿಗೂ ಇದಕ್ಕೂ ಸಂಬಂಧ ಕಲ್ಪಿಸುವುದು ಅನ್ಯಾಯ. ಅವರು ನನ್ನ ಬಣ್ಣವನ್ನಾಗಲಿ ಸೆರಗನ್ನಾಗಲಿ ನೋಡಿ ಆ ಮಾತು ಆಡಲಿಲ್ಲ, ನೋಡಿದ್ದು ಬ್ಯಾಟರಿಯನ್ನು. (ಸೆರಗೂ ಇರಲಿಲ್ಲ ಅನ್ನಿ, ಚೂಡಿದಾರ ತೊಟ್ಟಿದ್ದೆ.) ನಾನು ಹೇಳುತ್ತಿರುವುದು ಇಷ್ಟೇ: 'ಅರ್ಹರು ಮಾತ್ರ ಬರಲಿ' ಎಂಬ ಹಲಗೆಯನ್ನು ಬಾಗಿಲಿಗೆ ಒಮ್ಮೆ ತೂಗುಹಾಕಿದರೆ, ಅದರ ಮೇಲಿನ ಬರಹವನ್ನು ಮುಂದೆ ಯಾರು ಹೇಗೆ ತಿದ್ದುತ್ತಾರೋ ಹೇಳಲಾಗದು.

ಇದನ್ನೆಲ್ಲ ನಾನು ಮಗಳ ಮುಂದೆ ಆವೇಶದಿಂದ ಹೇಳಿದಾಗ ಅವಳು ತಲೆದೂಗುತ್ತಾಳೆ ಅಂದುಕೊಂಡಿದ್ದೆ. ಅವಳು ತಟ್ಟೆಯ ಸಕ್ಕರೆಯನ್ನು ಚಮಚೆಯಿಂದ ಒಟ್ಟುಮಾಡುತ್ತ, "ಆದರೂ ಅಮ್ಮ, ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ಕೊನೆಯ ತಿರುವು ಹತ್ತುವಾಗ ನನಗೆ ಸಿಕ್ಕಿದ್ದು ನಿನಗೆ ಸಿಕ್ಕಿಲ್ಲ" ಎಂದಳು.

ನಾನು ಸುಮ್ಮನಾದೆ. ಅವಳ ಮಾತು ನಿಜ. ಎದೆ ಒಡೆದುಹೋಗುತ್ತದೇನೋ ಎನ್ನುವಾಗ ಒಂದು ತುಳಿತ, ಇನ್ನೊಂದು ತುಳಿತ, ಅಷ್ಟರಲ್ಲಿ ಛತ್ರದ ಕಿಟಕಿ ಕಂಡಾಗ ಆಗುವ ಆ ಸಂತೋಷ ಬ್ಯಾಟರಿಯವರಿಗೆ ಇಲ್ಲ. ಅತ್ತೆಯವರು ಒರಳಿನಿಂದ ಎತ್ತಿದ ಚಟ್ನಿಯಲ್ಲಿ ಅವರಿಗೆ ಮಾತ್ರ ತಿಳಿಯುತ್ತಿದ್ದ ಯಾವುದೋ ತೃಪ್ತಿ ಇದ್ದಿರಬೇಕು. ಅದನ್ನು ಸುಳ್ಳೆನ್ನಲು ನನಗೆ ಅಧಿಕಾರವಿಲ್ಲ, ಮನಸ್ಸೂ ಇಲ್ಲ. ಆದರೆ ಮಗಳ ಆ ಸಂತೋಷದಲ್ಲಿ ನಾನು ಪಕ್ಕದಲ್ಲಿ ಕೂತದ್ದರಿಂದ ಒಂದು ಚಮಚೆಯಾದರೂ ಕಡಿಮೆಯಾಯಿತೇ? ಬೆವರಿಗೆ ತನ್ನದೇ ಆದ ಫಲವಿದೆ, ಅದು ಬೆವರಿದವರಿಗೇ ಸಲ್ಲುತ್ತದೆ, ಯಾರೂ ಕದಿಯಲಾರರು. ಬೆವರನ್ನು ಸುಂಕದಂತೆ ವಸೂಲು ಮಾಡಲು ಹೊರಟಾಗ ಮಾತ್ರ ನನ್ನ ತಕರಾರು. ಬಿಸಿಲಿಗೆ ಸುಂಕವಿಲ್ಲ. ಎಂಟು ತಿಂಗಳು ಹಿಮ ಹೊದ್ದು ಮಲಗುವ ಆ ಬಂಡೆಗಳು ಯಾರ ದುಡಿಮೆಯ ಫಲವೂ ಅಲ್ಲ.

ಬ್ಯಾಟರಿಯನ್ನು ವಿರೋಧಿಸುವವರ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನಾನು ಟೀಚರೇ ಅಲ್ಲ. ಏರುವುದು ಸುಲಭವಾದಾಗ ಬರುವವರ ಸಂಖ್ಯೆ ಹೆಚ್ಚುತ್ತದೆ. ಇಂಥ ಛತ್ರಗಳಲ್ಲಿ ನೀರು, ವಿದ್ಯುತ್ತು ಎರಡೂ ತೂಗಿ ಅಳೆದು ಬಳಸುವಂಥವು; ಎಲ್ಲರೂ ಬ್ಯಾಟರಿ ತುಂಬಿಸಲು ತಂತಿ ಚಾಚಿದರೆ ಅಡಿಗೆಮನೆಯವರು ಏನು ಮಾಡಬೇಕು? ಸಂಜೆ ಹೊತ್ತು ಮಾರಿ ಸೈಕಲ್ ಓಡಿಸಿದರೆ ಕಾಡಿನ ಪ್ರಾಣಿಗಳಿಗೆ ಮೇಯಲು ಹೊತ್ತೇ ಉಳಿಯುವುದಿಲ್ಲ. ಆಸ್ಟ್ರಿಯಾದ 1975ರ ಅರಣ್ಯ ಕಾನೂನು ಎಂಥವರಿಗೂ ಕಾಡಿನಲ್ಲಿ ಕಾಲುನಡಿಗೆಯ ಹಕ್ಕು ಕೊಟ್ಟಿದೆ, ಸೈಕಲ್ಲಿಗೆ ಕೊಟ್ಟಿಲ್ಲ. ಕಾಡುರಸ್ತೆಯಲ್ಲಿ ಸೈಕಲ್ ಬಿಡಲು ರಸ್ತೆಯ ಒಡೆಯರ ಒಪ್ಪಿಗೆ ಬೇಕು. ಟಿರೋಲ್ ಸರ್ಕಾರ ಅವರೊಂದಿಗೆ ಕರಾರು ಮಾಡಿಕೊಂಡು ಗೊತ್ತಾದ ರಸ್ತೆಗಳನ್ನು ತೆರೆದಿದೆ. ನಾವು ಹೋದದ್ದೂ ಅಂಥದೇ ರಸ್ತೆ. ಎಂದರೆ ನಾವು ಬೇರೆಯವರ ಅಂಗಳದಲ್ಲಿ ಹಾದುಹೋಗುವವರು, ಹಾಗೆಯೇ ನಡೆದುಕೊಳ್ಳಬೇಕು. ಇವೆಲ್ಲ ನ್ಯಾಯವಾದ ಮಾತುಗಳು. ಆದರೆ ಇವು ಎಷ್ಟು ಜನ, ಯಾವ ಹೊತ್ತು, ಯಾವ ರೀತಿ ಎಂಬ ಪ್ರಶ್ನೆಗಳು. ಸಾದಾ ಸೈಕಲ್ಲಿನವರಿಗೂ ಇವು ಅಷ್ಟೇ ಅನ್ವಯಿಸುತ್ತವೆ. ಇವುಗಳ ಬೆನ್ನಿಗೆ 'ನೀನು ಯೋಗ್ಯಳಲ್ಲ' ಎಂಬುದನ್ನು ಕಟ್ಟಿ ಕಳಿಸುವುದು ಬೇಡ.

ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ವಿಷಯ. ಮೋಟಾರು ಏರುವುದಕ್ಕೆ ಕೈಕೊಡುತ್ತದೆ, ಇಳಿಯುವುದಕ್ಕೆ ಕೊಡುವುದಿಲ್ಲ. ಇಳಿಯುವಾಗ ಅದರ ಭಾರವೇ ಒಂದು ಶತ್ರು, ಇಪ್ಪತ್ತು ಕಿಲೋಗೂ ಮೇಲೆ ತೂಗುವ ಸೈಕಲ್ಲು. ಜಲ್ಲಿಕಲ್ಲಿನ ತಿರುವಿನಲ್ಲಿ ಮುಂದಿನ ಬ್ರೇಕನ್ನು ಗಾಬರಿಯಿಂದ ಹಿಡಿದರೆ ಮುಗಿಯಿತು. ತಮ್ಮ ಕಾಲಿನ ಬಲದಿಂದ ಅಷ್ಟು ಎತ್ತರಕ್ಕೆ ಹೋಗಲು ಆಗದವರು, ಇಳಿಯುವ ಅಭ್ಯಾಸವಿಲ್ಲದೆ ಅಲ್ಲಿಗೆ ತಲುಪಿಬಿಟ್ಟರೆ, ಬಿದ್ದಾಗ ಓಡಿಬರಬೇಕಾದವರು ಪರ್ವತ ರಕ್ಷಣಾ ದಳದ ಸ್ವಯಂಸೇವಕರು. ಅವರದು ಸಂಬಳದ ಕೆಲಸವಲ್ಲ. ಮನೆಯ ಊಟ ಬಿಟ್ಟು ಎದ್ದುಬರುತ್ತಾರೆ. ಹಾಗೆ ನೋಡಿದರೆ ಮೇಲೇರಿದ ಸುಖಕ್ಕೆ ನಾವು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದಿರಬಹುದು, ಆದರೆ ಕ್ಷೇಮವಾಗಿ ಇಳಿದುಬರುವುದು ಇತರರಿಗೆ ನಾವು ಕೊಡಬೇಕಾದ ಬಾಕಿ.

ಮಗಳು ಪಾರ್ಕಿನಲ್ಲಿ ಎರಡು ಸಂಜೆ ಹೇಳಿಕೊಟ್ಟದ್ದು ಬರೀ ಬ್ರೇಕಿನ ಪಾಠ ಏಕೆ ಎಂದು ಅಲ್ಲಿ ತಿಳಿಯಿತು. ಛತ್ರದ ಕೆಳಗಿನ ಕಡಿದಾದ ತಿರುವುಗಳಲ್ಲಿ ನಾನು ಇಳಿದು, ಸೈಕಲ್ಲನ್ನು ಕೈಯಲ್ಲಿ ಹಿಡಿದು ನಡೆದೆ. ಮಂಡಿ ನೊಂದಿತು, ನೋಯಲಿ. ಆ ಬೆವರಿನ ಅಂಗಿಯವರು ಹಿಂದಿನಿಂದ ಬಂದರು. ನಾನು ಅಂಚಿಗೆ ಸರಿದು ನಿಂತೆ. ಅವರು ವೇಗ ತಗ್ಗಿಸಿ, ಕಲ್ಲು ಸಿಡಿಯದ ಹಾಗೆ ನಿಧಾನವಾಗಿ ದಾಟಿ, ಕೈಯೆತ್ತಿ ಏನೋ ಹೇಳಿದರು. ಈ ಸಲ ಅನುವಾದ ಬೇಕಾಗಲಿಲ್ಲ. ದಾರಿ ಹಿತವಾದ ಕಡೆ ಮತ್ತೆ ಹತ್ತಿಕೊಂಡೆ. ಎದುರಿಗೆ ಕೋಲೂರಿಕೊಂಡು ನಡೆದುಬರುತ್ತಿದ್ದ ಇಬ್ಬರು ವಯಸ್ಸಾದ ಹೆಂಗಸರು ಛತ್ರ ಇನ್ನೆಷ್ಟು ದೂರ ಎಂದು ಸನ್ನೆಯಲ್ಲಿ ಕೇಳಿದರು. ಬೆರಳು ಮಡಿಸಿ ಎಷ್ಟು ತಿರುವು ಉಳಿದಿವೆ ಎಂದು ತೋರಿಸಿದೆ.

ಶಾರ್ನಿಟ್ಸ್‌ನಲ್ಲಿ ಸೈಕಲ್ ಒಪ್ಪಿಸಿದಾಗ ಬ್ಯಾಟರಿಯಲ್ಲಿ ಮೂರರಲ್ಲೊಂದು ಪಾಲು ಇನ್ನೂ ಉಳಿದಿತ್ತು. ಅಂಗಡಿಯ ಹುಡುಗ ಅದನ್ನು ನೋಡಿ ಹುಬ್ಬೇರಿಸಿ ನಕ್ಕ. ಮಗಳು ರೈಲು ಹತ್ತಿ ನನ್ನ ಭುಜಕ್ಕೆ ಒರಗಿದವಳು ಮುಂದಿನ ಸ್ಟೇಷನ್ ಬರುವ ಮೊದಲೇ ನಿದ್ದೆಹೋದಳು. ನನಗೆ ಆಯಾಸವೇ ಇರಲಿಲ್ಲ. ಮ್ಯೂನಿಕ್ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದೆ.